ಬರೆದ ಕೈ, ಕಡೆದ ಕೈ: ಫಿನ್ ಯೂಲ್ ಅವರ ಚೀಫ್‌ಟನ್ ಕುರ್ಚಿ



ಈ ದತ್ತಿ ಉಪನ್ಯಾಸಕ್ಕೆ ಕೈಕಸುಬಿಗೆ ಸಂಬಂಧಪಟ್ಟ ಯಾವುದಾದರೂ ವಿಷಯ ಆಗಬಹುದು ಎಂದು ನನಗೆ ಬಂದ ಪತ್ರದಲ್ಲಿತ್ತು. ನಾನು ಒಂದು ಕುರ್ಚಿಯನ್ನು ಆರಿಸಿಕೊಂಡೆ. "ಕುರ್ಚಿಗಳ ಬಗ್ಗೆಯಾ ಸಾರ್?" ಎಂದು ಸಂಘಟಕರು ಫೋನಿನಲ್ಲಿ ಕೇಳಿದರು. ಅಲ್ಲ, ಒಂದೇ ಕುರ್ಚಿಯ ಬಗ್ಗೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಸಾರ್, ಕುರ್ಚಿ ಅಂದರೆ ಜನ ರಾಜಕೀಯ ಅಂದುಕೊಂಡಾದರೂ ಬರುತ್ತಾರೆ" ಎಂದರು. ಹಾಗೆ ಬಂದವರು ಇಲ್ಲಿದ್ದರೆ ಕ್ಷಮೆ ಇರಲಿ. ಕತೆಯಲ್ಲಿ ಒಬ್ಬ ರಾಜ ಮಾತ್ರ ಇದ್ದಾನೆ, ಅವನೂ ಬೇಗ ಎದ್ದು ಹೋಗುತ್ತಾನೆ.

1949ರ ಶರತ್ಕಾಲ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೀಠೋಪಕರಣ ಬಡಗಿಗಳ ಸಂಘ ವರ್ಷಕ್ಕೊಮ್ಮೆ ನಡೆಸುವ ಪ್ರದರ್ಶನದ ಉದ್ಘಾಟನೆ. ದೊರೆ ಒಂಬತ್ತನೆಯ ಫ್ರೆಡೆರಿಕ್ ಮಳಿಗೆಗಳನ್ನು ಸುತ್ತುತ್ತ ಬಂದು ಒಂದು ದೊಡ್ಡ ಆರಾಮ ಕುರ್ಚಿಯಲ್ಲಿ ಕುಳಿತರು. ಪಕ್ಕದಲ್ಲಿದ್ದ ಪತ್ರಕರ್ತರೊಬ್ಬರು, ಹಾಗಾದರೆ ಇದು ಇನ್ನು ಮೇಲೆ ರಾಜನ ಕುರ್ಚಿಯೇ ಎಂದು ಕೇಳಿದರಂತೆ. ಕುರ್ಚಿಯನ್ನು ರೂಪಿಸಿದ ಮೂವತ್ತೇಳು ವರ್ಷದ ಫಿನ್ ಯೂಲ್, ಬೇಡ, ಬುಡಕಟ್ಟಿನ ನಾಯಕನ ಕುರ್ಚಿ ಎಂದರೆ ಸಾಕು ಎಂಬರ್ಥದ ಮಾತಾಡಿದರು. ಆ ಹೆಸರು ಅಲ್ಲೇ ಅಂಟಿಕೊಂಡಿತು. ಇಂಗ್ಲಿಷ್ ಬಲ್ಲ ಜಗತ್ತು ಅದನ್ನು ಚೀಫ್‌ಟನ್ ಚೇರ್ ಎಂದು ಕರೆಯುತ್ತದೆ.

ನೋಡಲು ಹೇಗಿದೆ ಎಂದು ಮೊದಲು ಹೇಳುತ್ತೇನೆ. ಅಗಲ ಸುಮಾರು ಒಂದು ಮೀಟರ್, ಎತ್ತರ ಅದಕ್ಕಿಂತ ತುಸು ಕಡಿಮೆ. ಮರದ ಚೌಕಟ್ಟು, ಚರ್ಮ ಹೊದಿಸಿದ ಮೆತ್ತೆ. ಇಷ್ಟು ಯಾವ ಸೋಫಾ ಅಂಗಡಿಯಲ್ಲೂ ಸಿಗುತ್ತದೆ. ವಿಶೇಷ ಇರುವುದು ಮರ ಮತ್ತು ಮೆತ್ತೆ ಒಂದನ್ನೊಂದು ಅಪ್ಪಿಕೊಳ್ಳದೆ ಇರುವುದರಲ್ಲಿ. ಆಸನ ಚೌಕಟ್ಟಿನೊಳಗೆ ಹುದುಗಿಲ್ಲ, ಅದರಿಂದ ಮೇಲಕ್ಕೆ ನಿಂತಿದೆ, ನಡುವೆ ಗಾಳಿ ಆಡುತ್ತದೆ. ಗುರಾಣಿಯ ಆಕಾರದ ಬೆನ್ನು ಕೂಡ ಪ್ರತ್ಯೇಕ ತುಂಡು. ಅದರ ಎರಡು ಬದಿಗೆ ಹಿಂಗಾಲುಗಳ ಕಂಬಗಳು ಮೇಲೇರಿ, ತುದಿಯಲ್ಲಿ ತೆಳ್ಳಗಾಗಿ ನಿಲ್ಲುತ್ತವೆ. ಇನ್ನು ಕೈಗಳು. ಕುರ್ಚಿಯ ಕೈ ಎಂದರೆ ಸಾಮಾನ್ಯವಾಗಿ ಒಂದು ಪಟ್ಟಿ. ಇಲ್ಲಿ ಅದು ಅಗಲವಾಗಿ ಹರಡಿದ, ಅಂಚು ಬಾಗಿದ, ಚರ್ಮ ಹೊದ್ದ ಒಂದು ಹಾಳೆ. ಕೈ ಇಡುವುದಕ್ಕೆ ಇಷ್ಟು ಅಗಲ ಯಾರಿಗೂ ಬೇಕಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳ ಜಗಲಿಯಲ್ಲಿರುವ ಪ್ಲಾಂಟರ್ಸ್ ಚೇರನ್ನು ಬಲ್ಲವರಿಗೆ ಇದರ ಗುಟ್ಟು ತಕ್ಷಣ ಹೊಳೆಯುತ್ತದೆ: ಅಲ್ಲಿ ಉದ್ದನೆಯ ಕೈಗಳ ಮೇಲೆ ಎರಡೂ ಕಾಲು ಚಾಚಿ ಮಲಗುತ್ತಾರೆ, ಇಲ್ಲಿ ಅಡ್ಡ ಕುಳಿತು ಒಂದು ಕಾಲನ್ನು ಕೈಯ ಮೇಲಿಂದ ಇಳಿಬಿಡಬಹುದು. ಹೀಗೇ ಕೂರಬೇಕು ಎಂದು ಈ ಕುರ್ಚಿ ಯಾರಿಗೂ ಹೇಳುವುದಿಲ್ಲ.

ಇದರ ಹುಟ್ಟಿನ ಬಗ್ಗೆ ಎಲ್ಲ ಕಡೆ ಕೇಳಿಬರುವ ಮಾತೊಂದಿದೆ. ಯೂಲ್ ಇದನ್ನು ಕೆಲವೇ ಗಂಟೆಗಳಲ್ಲಿ, ಒಂದೇ ಕೂರಿಕೆಯಲ್ಲಿ ಬರೆದು ಮುಗಿಸಿದರು ಎಂದು. ಅವರೇ ಹಾಗೆ ಹೇಳಿಕೊಂಡಿದ್ದಾರೆ, ನಾನು ಅದನ್ನು ಅನುಮಾನಿಸುವುದಿಲ್ಲ. ಆದರೆ ಈ ಮಾತನ್ನು ಕೇಳಿದ ವಿದ್ಯಾರ್ಥಿಯ ಕಣ್ಣಲ್ಲಿ ಒಂದು ಹೊಳಪು ಬರುತ್ತದಲ್ಲ, ಅದನ್ನು ಕಂಡರೆ ನನಗೆ ಭಯ. ಬರೆದದ್ದು ಗಂಟೆಗಳಲ್ಲಿ, ನಿಜ. ಬರೆದದ್ದನ್ನು ಮರದಲ್ಲಿ ನಿಲ್ಲಿಸಬಲ್ಲ ಒಬ್ಬ ಬಡಗಿ ಜೊತೆಗಿದ್ದಾನೆ ಎಂಬ ಭರವಸೆ ಬೆಳೆಯಲು ಹನ್ನೆರಡು ವರ್ಷ ಹಿಡಿದಿತ್ತು. ಆ ಬಡಗಿಗಳ ಸಂಘ ಬದುಕಿ ಉಳಿಯಲು ನಾಲ್ಕು ಶತಮಾನ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಹನ್ನೆರಡು ವರ್ಷಗಳ ಬಗ್ಗೆಯೇ.

ಫಿನ್ ಯೂಲ್ ಹುಟ್ಟಿದ್ದು 1912ರ ಜನವರಿ 30ರಂದು, ಕೋಪನ್‌ಹೇಗನ್ನಿಗೆ ಅಂಟಿಕೊಂಡ ಫ್ರೆಡೆರಿಕ್ಸ್‌ಬೇರ್ಗಿನಲ್ಲಿ. ತಂದೆ ಬಟ್ಟೆಯ ಸಗಟು ವ್ಯಾಪಾರಿ. ತಾಯಿ ಇವರನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹುಡುಗನಿಗೆ ಕಲೆಯ ಇತಿಹಾಸ ಓದುವ ಆಸೆ. ವಸ್ತುಸಂಗ್ರಹಾಲಯಗಳಲ್ಲಿ ಗ್ರೀಕ್ ಶಿಲ್ಪಗಳ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಹೊಟ್ಟೆಪಾಡಿನ ವಿದ್ಯೆ ಬೇಕು ಎನ್ನುವುದು ತಂದೆಯ ವಾದ. ಇದು ನಮ್ಮ ಮನೆಗಳಲ್ಲೂ ನಡೆಯುವ ವಾದವೇ, ಗೆಲ್ಲುವವರೂ ತಂದೆಯರೇ. 1930ರಲ್ಲಿ ಯೂಲ್ ಡೆನ್ಮಾರ್ಕಿನ ರಾಯಲ್ ಕಲಾ ಅಕಾಡೆಮಿಯ ವಾಸ್ತುಶಿಲ್ಪ ವಿಭಾಗ ಸೇರಿ ವಾಸ್ತುಶಿಲ್ಪಿ ಕೈ ಫಿಸ್ಕರ್ ಅವರ ಶಿಷ್ಯರಾದರು. ಓದುತ್ತಿರುವಾಗಲೇ ವಿಲ್ಹೆಲ್ಮ್ ಲಾರಿಟ್ಸೆನ್ ಅವರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಡೆನ್ಮಾರ್ಕಿನ ಬಾನುಲಿ ಭವನವನ್ನೂ ಕಾಸ್ಟ್ರುಪ್ ವಿಮಾನ ನಿಲ್ದಾಣವನ್ನೂ ಕಟ್ಟಿದ ಕಚೇರಿ ಅದು. ಕೆಲಸದ ಭರಾಟೆಯಲ್ಲಿ ಪದವಿ ಮುಗಿಯಲೇ ಇಲ್ಲ. ಸುಮಾರು ಹತ್ತು ವರ್ಷ ಅಲ್ಲಿ ದುಡಿದು, 1945ರಲ್ಲಿ ಸ್ವಂತ ಕಚೇರಿ ತೆರೆದರು.

ಗಮನಿಸಿ: ಈ ಜೀವನಚರಿತ್ರೆಯಲ್ಲಿ ಎಲ್ಲೂ ಉಳಿ ಇಲ್ಲ, ಗರಗಸ ಇಲ್ಲ. ಯೂಲ್ ಬಡಗಿಯಲ್ಲ. ಪೀಠೋಪಕರಣದ ಮಟ್ಟಿಗೆ ತಾನು ಸ್ವಯಂಕಲಿತ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕುರ್ಚಿ ಬರೆಯಲು ಶುರು ಮಾಡಿದ್ದೂ ತಮ್ಮ ಸ್ವಂತ ಮನೆಯ ಬಳಕೆಗೆ.

ಅದೇ ಕಾಲದಲ್ಲಿ ಅದೇ ಅಕಾಡೆಮಿಯಲ್ಲಿ ಪೀಠೋಪಕರಣಕ್ಕೆಂದೇ ಒಂದು ವಿಭಾಗವಿತ್ತು. 1924ರಿಂದ ಅದನ್ನು ಕಟ್ಟಿ ಬೆಳೆಸಿದವರು ಕೋರೆ ಕ್ಲಿಂಟ್. ಕ್ಲಿಂಟ್ ಅವರದು ಅಳತೆಯ ಧರ್ಮ. ಮನುಷ್ಯ ಕುಳಿತಾಗ ಮೊಣಕಾಲು ಎಷ್ಟು ಎತ್ತರ, ಒಂದು ಸಂಸಾರದಲ್ಲಿ ತಟ್ಟೆ ಎಷ್ಟು, ಮಡಚಿದ ಅಂಗಿಯ ಅಗಲ ಎಷ್ಟು, ಇವನ್ನೆಲ್ಲ ಅಳೆದು ಬರೆದಿಟ್ಟ ಮೇಲೇ ಬೀರು, ಕುರ್ಚಿ. ಹೊಸದನ್ನು ಕಂಡುಹಿಡಿಯುವ ಚಪಲ ಬೇಡ, ಹಿಂದಿನವರು ಮಾಡಿದ್ದನ್ನು ಶೋಧಿಸಿ ಚೊಕ್ಕ ಮಾಡಿ ಎನ್ನುವುದು ಅವರ ಪಾಠ. ಇದಕ್ಕೆ ಒಳ್ಳೆಯ ಉದಾಹರಣೆಯ ಬೇರು ನಮ್ಮ ದೇಶದಲ್ಲೇ ಇದೆ. ಕ್ಲಿಂಟ್ 1933ರಲ್ಲಿ ರೂಪಿಸಿದ ಸಫಾರಿ ಕುರ್ಚಿಗೆ ಮೂಲ, ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಬಿಚ್ಚಿ ಗಂಟು ಕಟ್ಟಿ ಹೇಸರಗತ್ತೆಯ ಮೇಲೆ ಹೇರಬಹುದಾಗಿದ್ದ ರೂರ್ಕಿ ಕುರ್ಚಿ. ಸೇನೆಯ ಎಂಜಿನಿಯರುಗಳ ನೆಲೆಯಾಗಿದ್ದ ಉತ್ತರದ ರೂರ್ಕಿ ಊರಿನ ಹೆಸರೇ ಅದಕ್ಕೆ. ಮೊಳೆಯಿಲ್ಲ, ಅಂಟಿಲ್ಲ, ಕೂತವನ ಭಾರವೇ ಕೂಡುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಕ್ಲಿಂಟ್ ಅದನ್ನು ಮುಟ್ಟಿಯೂ ಮುಟ್ಟದಂತೆ ತಿದ್ದಿದರು.

ಯೂಲ್ ಈ ಪಾಠಶಾಲೆಯ ಹೊರಗಿನವರು. ಅವರ ಕಣ್ಣು ಹೋಗುತ್ತಿದ್ದದ್ದು ಹಾನ್ಸ್ ಆರ್ಪ್, ಹೆನ್ರಿ ಮೂರ್, ಬಾರ್ಬರಾ ಹೆಪ್ವರ್ತ್ ಅವರ ಶಿಲ್ಪಗಳ ಕಡೆಗೆ. ತಮ್ಮ ನಾಡಿನವರಲ್ಲಿ ಎರಿಕ್ ಥೊಮ್ಮೆಸೆನ್ ಅವರ ಮರದ ಶಿಲ್ಪಗಳ ಕಡೆಗೆ. ಕುರ್ಚಿ ಕೋಣೆಯಲ್ಲಿ ಇಟ್ಟ ಒಂದು ವಸ್ತುವಲ್ಲ, ಅದು ತಾನೇ ಒಂದು ಆಕಾರ, ತಾನೇ ಒಂದು ಜಾಗ ಎಂದು ಅವರ ನಂಬಿಕೆ. ಇಂಥವರ ಕೈಗೆ ಬರೀ ಕಾಗದ, ಪೆನ್ಸಿಲ್ ಕೊಟ್ಟು ಬಿಟ್ಟಿದ್ದರೆ ಏನಾಗುತ್ತಿತ್ತು? ಬಹುಶಃ ಚೆಂದದ ಜಲವರ್ಣ ಚಿತ್ರಗಳು ಉಳಿಯುತ್ತಿದ್ದವು. ಯೂಲ್ ಬರೆದ ಕುರ್ಚಿಗಳ ಜಲವರ್ಣಗಳು ನಿಜಕ್ಕೂ ಚೆಂದವಾಗಿವೆ.

ಹಾಗಾಗದಂತೆ ತಡೆದದ್ದು ಬಡಗಿಗಳ ಸಂಘದ ಪ್ರದರ್ಶನ. ಕೋಪನ್‌ಹೇಗನ್ನಿನ ಬಡಗಿಗಳ ಸಂಘ 1554ರಷ್ಟು ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದಕ್ಕೆ ಕುತ್ತು ಬಂದಿತ್ತು. ಕಾರ್ಖಾನೆಗಳು ಅಗ್ಗದ ಮಾಲು ಸುರಿಯುತ್ತಿದ್ದವು, ಉಳ್ಳವರು ಹಳೆಯ ಶೈಲಿಯ ನಕಲುಗಳನ್ನು ಕೇಳುತ್ತಿದ್ದರು. ಮನೆಬಳಕೆಯ ಕುರ್ಚಿ ಮೇಜು ಮಾಡುವ ನುರಿತ ಕೈಗಳಿಗೆ ಕೆಲಸ ಕಡಿಮೆಯಾಗಿತ್ತು. 1927ರಲ್ಲಿ ಸಂಘ ತನ್ನ ಸದಸ್ಯರ ಕೆಲಸವನ್ನು ಊರಿಗೆ ತೋರಿಸಲು ವಾರ್ಷಿಕ ಪ್ರದರ್ಶನ ಶುರುಮಾಡಿತು. ಕೆಲವು ವರ್ಷಗಳಲ್ಲಿ ಅದಕ್ಕೆ ವಿನ್ಯಾಸ ಸ್ಪರ್ಧೆಯೂ ಸೇರಿಕೊಂಡಿತು: ಎಳೆಯ ವಾಸ್ತುಶಿಲ್ಪಿಗಳು ಬರೆದು ಕೊಡಬೇಕು, ಬಡಗಿಗಳು ಮಾಡಿ ನಿಲ್ಲಿಸಬೇಕು. ಒಬ್ಬ ವಿನ್ಯಾಸಗಾರ, ಒಬ್ಬ ಮಾಸ್ಟರ್ ಬಡಗಿ, ಹೀಗೆ ಜೋಡಿಗಳು ಕೂಡಿಕೊಂಡವು. ಡ್ಯಾನಿಶ್ ವಿನ್ಯಾಸ ಎಂದು ಇಂದು ಜಗತ್ತು ಹೊಗಳುವ ಬಹುಪಾಲು ವಸ್ತುಗಳ ಹಿಂದೆ ಈ ಜೋಡಿಗಳ ಕೆಲಸವಿದೆ. ಸರ್ಕಾರದ ಯೋಜನೆಯಲ್ಲ, ದೊಡ್ಡ ಬಂಡವಾಳವಲ್ಲ. ಕೆಲಸ ಕಳೆದುಕೊಳ್ಳುವ ಹೆದರಿಕೆಯಲ್ಲಿದ್ದ ಕಸುಬಿನವರು ವರ್ಷಕ್ಕೆ ಕೆಲವು ದಿನ ಬಾಗಿಲು ತೆರೆದಿಟ್ಟರು, ಅಷ್ಟೆ.

ಯೂಲ್ 1937ರಲ್ಲಿ ಮೊದಲ ಸಲ ಅಲ್ಲಿ ಕಾಣಿಸಿಕೊಂಡಾಗ ಅವರ ಜೋಡಿ ನೀಲ್ಸ್ ವೋಡರ್. ವೋಡರ್ ಒಂದು ತಲೆಮಾರು ಹಿರಿಯರು, ಸ್ವಂತ ಕಾರ್ಯಾಗಾರದ ಯಜಮಾನರು. ಅವರ ಬಗ್ಗೆ ಬರೆದದ್ದು ಕಡಿಮೆ, ಯೂಲ್ ಬಗ್ಗೆ ಬರೆದದ್ದು ಕಪಾಟುಗಟ್ಟಲೆ. ಈ ಅಸಮತೋಲ ಹೊಸದೇನಲ್ಲ. ನಮ್ಮಲ್ಲಿ ಬೇಲೂರಿನ ಶಿಲ್ಪಿಗಳು ತಮ್ಮ ವಿಗ್ರಹದ ಪೀಠದಲ್ಲಿ ಹೆಸರು ಕೆತ್ತಿಕೊಂಡರಲ್ಲ, ಆ ಜಾಣತನ ಎಲ್ಲ ಕಸುಬಿನವರಿಗೂ ಇರುವುದಿಲ್ಲ. ವೋಡರ್‌ಗೆ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಜೋಡಿಯ ಮೊದಲ ವರ್ಷಗಳು ಮಾರಾಟದ ದೃಷ್ಟಿಯಿಂದ ಸುಖವಾಗಿರಲಿಲ್ಲ. 1938ರಲ್ಲಿ ಮಿಡತೆ ಎಂಬ ಹೆಸರು ಪಡೆದ ಕುರ್ಚಿ ಬಂತು, ಎರಡೇ ತಯಾರಾದವು. 1940ರಲ್ಲಿ, ಜರ್ಮನ್ ಸೇನೆ ಡೆನ್ಮಾರ್ಕನ್ನು ಹಿಡಿದ ವರ್ಷವೇ, ಪೆಲಿಕನ್ ಕುರ್ಚಿ ಬಂತು: ಗಿಡ್ಡ, ದುಂಡು, ಎರಡೂ ಕಡೆ ತೋಳು ಹರಡಿ ಕೂತವನನ್ನು ಬಳಸಿ ಹಿಡಿಯುವ ಮೆತ್ತನೆಯ ಕುರ್ಚಿ. ವಿಮರ್ಶಕರೊಬ್ಬರಿಗೆ ಅದು ದಣಿದ ವಾಲ್ರಸ್ ಥರ ಕಂಡಿತು. ಮರುವರ್ಷ ಬಂದ ಪುಟ್ಟ ಸೋಫಾ ಇಂದು ಪೊಯೆಟ್ ಸೋಫಾ ಎಂದು ಪ್ರಸಿದ್ಧ. ಯೂಲ್ ಇವನ್ನೆಲ್ಲ ಬರೆದದ್ದು ಜಗತ್ತಿಗಲ್ಲ, ತಮಗೆ. ತಂದೆಯಿಂದ ಬಂದ ಹಣದಲ್ಲಿ 1942ರಲ್ಲಿ ಕೋಪನ್‌ಹೇಗನ್ನಿನ ಉತ್ತರಕ್ಕೆ ಒರ್ಡ್ರುಪ್‌ನಲ್ಲಿ ಮನೆ ಕಟ್ಟಿದರು. ಸಾಯುವ ತನಕ ಅಲ್ಲೇ ಇದ್ದರು. ಹೊಸ ಕುರ್ಚಿ ಪ್ರದರ್ಶನದಿಂದ ಆ ಮನೆಗೆ ಬರುತ್ತಿತ್ತು, ಹಳೆಯದು ಜಾಗ ಬದಲಿಸುತ್ತಿತ್ತು. ಆ ಮನೆ ಈಗ ಪಕ್ಕದ ಒರ್ಡ್ರುಪ್‌ಗೋರ್ ವಸ್ತುಸಂಗ್ರಹಾಲಯದ ಭಾಗ, 2008ರಿಂದ ಸಾರ್ವಜನಿಕರಿಗೆ ತೆರೆದಿದೆ.

ಈ ಹೊತ್ತಿಗೆ ಯೂಲ್ ತಲೆಯಲ್ಲಿ ಒಂದು ವಿಚಾರ ಗಟ್ಟಿಯಾಗುತ್ತಿತ್ತು: ಹೊರುವುದು ಬೇರೆ, ಹೊರಿಸಿಕೊಳ್ಳುವುದು ಬೇರೆ. ಕುರ್ಚಿಯ ಮರ ಹೊರುತ್ತದೆ, ಆಸನ ಮತ್ತು ಬೆನ್ನು ಅದರ ಮೇಲೆ ಕೂರುತ್ತವೆ. ಎರಡನ್ನೂ ಒಂದೇ ಗುಡ್ಡೆ ಮಾಡಿ ಬಟ್ಟೆ ಹೊದಿಸುವ ಬದಲು ಬಿಡಿಸಿ ತೋರಿಸಿದರೆ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಒಬ್ಬ ಕಟ್ಟಡದ ಮನುಷ್ಯ ಯೋಚಿಸುವ ರೀತಿ ಇದು. ಕಂಬ, ತೊಲೆ, ಮೇಲೆ ಚಾವಣಿ. 1945ರ ಕುರ್ಚಿಯಲ್ಲಿ ಈ ವಿಚಾರ ಪೂರ್ತಿ ಬಿಡಿಸಿಕೊಂಡಿತು. ಆಸನದ ಮೆತ್ತೆ ಚೌಕಟ್ಟಿನ ಅಡ್ಡಪಟ್ಟಿಯ ಮೇಲೆ ಮಾತ್ರ ತಾಗಿ ನಿಂತಿದೆ, ಕೈಗಳು ತೆಳ್ಳಗೆ ಬಾಗಿ ಮುಂದಕ್ಕೆ ಬಂದಿವೆ.

ಈಗ ಬಡಗಿಯ ಕಷ್ಟವನ್ನು ನೋಡಿ. ಮೆತ್ತೆಯನ್ನು ಮರದಿಂದ ಬಿಡಿಸಿದ ಕೂಡಲೇ ಕುರ್ಚಿಗೆ ಒಂದು ದೊಡ್ಡ ಆಧಾರ ತಪ್ಪುತ್ತದೆ. ಸಾಮಾನ್ಯ ಆರಾಮ ಕುರ್ಚಿಯಲ್ಲಿ ಆಸನದ ಪೆಟ್ಟಿಗೆಯೇ ನಾಲ್ಕು ಕಾಲನ್ನು ಹಿಡಿದುಕೊಂಡಿರುತ್ತದೆ. ಇಲ್ಲಿ ಅದು ಇಲ್ಲ. ಎಲ್ಲ ಭಾರವೂ, ಎಲ್ಲ ಅಲುಗಾಟವೂ ಕೆಲವು ತೆಳುವಾದ ಪಟ್ಟಿಗಳ ಮೇಲೆ, ಅವು ಕಾಲಿಗೆ ಸೇರುವ ಕೂಡುಗಳ ಮೇಲೆ ಬೀಳುತ್ತದೆ. ಆ ಪಟ್ಟಿಗಳಾದರೂ ನೇರವಾಗಿವೆಯೇ? ಯೂಲ್ ಬರೆದದ್ದೆಲ್ಲ ಬಾಗು.

ಮರಕ್ಕೆ ನಾರಿದೆ. ನಾರಿನ ಉದ್ದಕ್ಕೆ ಅದು ಗಟ್ಟಿ, ಅಡ್ಡಕ್ಕೆ ಸೀಳುತ್ತದೆ. ನೇರ ಹಲಗೆಯ ಮೇಲೆ ಬಾಗಿದ ಗೆರೆ ಬರೆದು ಕೊಯ್ದರೆ, ಬಾಗು ಜಾಸ್ತಿ ಇರುವ ಕಡೆ ನಾರು ತುಂಡು ತುಂಡಾಗುತ್ತದೆ. ಮುರಿಯುವುದು ಅಲ್ಲೇ. ಬಡಗಿ ಇದಕ್ಕೆ ಏನು ಮಾಡಬೇಕು? ಬಾಗಿನ ಜೊತೆಗೇ ನಾರೂ ಹರಿಯುವಂಥ ಹಲಗೆಯನ್ನು ಹುಡುಕಬೇಕು. ದಪ್ಪ ತುಂಡು ತೆಗೆದುಕೊಂಡು ಅದರಲ್ಲಿ ಬಹುಪಾಲನ್ನು ಹೆರೆದು ಬಿಸಾಡಬೇಕು. ಕೂಡನ್ನು ಬಾಗಿನ ನಡುವೆ ಇಡದೆ, ನಾರು ನೇರವಿರುವ ಜಾಗಕ್ಕೆ ಸರಿಸಬೇಕು. ಅದೂ ಹೇಗೆ, ಬರೆದವನ ಗೆರೆ ಒಂದು ಕೂದಲೆಳೆಯಷ್ಟೂ ಕೆಡದ ಹಾಗೆ. ಯೂಲ್‌ಗೆ ಮರದ ಮಿತಿ ಗೊತ್ತಿರಲಿಲ್ಲ ಎಂದು ಕ್ಲಿಂಟ್ ಪಂಥದವರು ಆಡಿಕೊಳ್ಳುತ್ತಿದ್ದದ್ದು ಪೂರ್ತಿ ಸುಳ್ಳಲ್ಲ. ಗೊತ್ತಿದ್ದವರು ಆ ಗೆರೆಯನ್ನು ಬರೆಯುವ ಮೊದಲೇ ಕೈ ತಡೆಯುತ್ತಿದ್ದರು. ನನ್ನ ಅಭಿಪ್ರಾಯ ಇಷ್ಟು: ಆ ಅಜ್ಞಾನ ಉಪಯೋಗಕ್ಕೆ ಬಂದದ್ದು ಪಕ್ಕದಲ್ಲಿ ಅಜ್ಞಾನವಿಲ್ಲದ ಮನುಷ್ಯ ಇದ್ದುದರಿಂದ. "ಆಗೋದಿಲ್ಲ" ಎಂದು ಹೇಳುವ ಹಕ್ಕು ವೋಡರ್‌ಗೆ ಇತ್ತು. ಅವರು ಎಷ್ಟು ಸಲ ಹೇಳಿದರೋ, ಕೊನೆಗೂ ಕುರ್ಚಿಗಳು ನಿಂತಿವೆ.

1949ರ ಅದೇ ಪ್ರದರ್ಶನದಲ್ಲಿ ಇನ್ನೊಂದು ಕುರ್ಚಿಯೂ ಮೊದಲ ಸಲ ಕಾಣಿಸಿತು. ಹಾನ್ಸ್ ವೆಗ್ನರ್ ರೂಪಿಸಿ, ಯೊಹಾನೆಸ್ ಹಾನ್ಸೆನ್ ಅವರ ಕಾರ್ಯಾಗಾರ ಮಾಡಿದ ದುಂಡು ಕುರ್ಚಿ. ವೆಗ್ನರ್ ಮೋಚಿಯ ಮಗ, ಹುಡುಗನಿದ್ದಾಗಲೇ ಬಡಗಿಯ ಬಳಿ ಕೆಲಸಕ್ಕೆ ಸೇರಿ ಕಲಿತವರು. ಅವರ ಕುರ್ಚಿಯಲ್ಲಿ ಹೆಚ್ಚಿಗೆ ಒಂದು ಗೆರೆ ಇಲ್ಲ. ಮರವನ್ನು ಒಳಗಿನಿಂದ ಬಲ್ಲವನು ಮಾಡಿದ್ದು ಎಂದು ಮುಟ್ಟಿದರೆ ತಿಳಿಯುತ್ತದೆ. 1960ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಕೆನಡಿ ಮತ್ತು ನಿಕ್ಸನ್ ವಾದಕ್ಕೆ ಕುಳಿತದ್ದು ಈ ಕುರ್ಚಿಗಳಲ್ಲಿ. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ವೆಗ್ನರ್ ಕಡೆಗೇ ವಾಲುತ್ತೇನೆ. ದಿನಾ ಕೂರುವುದಕ್ಕೆ ಅದೇ. ಆದರೆ ವೆಗ್ನರ್ ಕುರ್ಚಿಯನ್ನು ಒಬ್ಬ ಮಹಾನ್ ಬಡಗಿ ಒಬ್ಬನೇ ಕಲ್ಪಿಸಿಕೊಳ್ಳಬಹುದಿತ್ತು. ಚೀಫ್‌ಟನ್ ಕುರ್ಚಿಯನ್ನು ಯಾವ ಬಡಗಿಯೂ ತಾನಾಗಿ ಕಲ್ಪಿಸುತ್ತಿರಲಿಲ್ಲ, ಯಾವ ವಾಸ್ತುಶಿಲ್ಪಿಯೂ ತಾನಾಗಿ ಮಾಡುತ್ತಿರಲಿಲ್ಲ. ಇವತ್ತಿನ ಮಾತಿಗೆ ಅದನ್ನು ಆರಿಸಿಕೊಂಡದ್ದು ಅದಕ್ಕೇ.

ಮರದ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಈ ಸಭೆಯಲ್ಲಿ ತೇಗ ಬಲ್ಲವರಿದ್ದಾರೆ. ಕ್ಲಿಂಟ್ ಕಾಲದ ಮೆಚ್ಚಿನ ಮರ ಕ್ಯೂಬಾದ ಮಹಾಗನಿ. ಯುದ್ಧದ ನಂತರ ಡೆನ್ಮಾರ್ಕ್ ತೇಗಕ್ಕೆ ಹೊರಳಿತು, ಅದಕ್ಕೆ ದಾರಿ ಮಾಡಿದವರಲ್ಲಿ ಯೂಲ್ ಒಬ್ಬರು. ಬೀಚ್, ಓಕ್ ಬೆಳೆಯುವ ಚಳಿನಾಡಿನಲ್ಲಿ ತೇಗ ಬೆಳೆಯುವುದಿಲ್ಲ. 1897ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದ ಈಸ್ಟ್ ಏಷಿಯಾಟಿಕ್ ಕಂಪನಿ ಸಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ ಕಾಡುಗಳಲ್ಲಿ ತೇಗ ಕಡಿಯುವ ಗುತ್ತಿಗೆ ಹಿಡಿದು ಹಡಗುಗಳಲ್ಲಿ ಸಾಗಿಸುತ್ತಿತ್ತು. ದಾಂಡೇಲಿ, ಕಾಕನಕೋಟೆಯ ತೇಗವನ್ನು ಕೊಯ್ದ ಯಾವ ಆಚಾರಿಯನ್ನು ಕೇಳಿದರೂ ಹೇಳುತ್ತಾರೆ, ಅದು ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ. ಮರದೊಳಗೆ ಮರಳಿನಂಥ ಸಿಲಿಕಾ ಇದೆ, ಜೊತೆಗೆ ಎಣ್ಣೆಯಂಶ ಇರುವುದರಿಂದ ಅಂಟು ಕೂಡ ಸುಲಭಕ್ಕೆ ಹಿಡಿಯುವುದಿಲ್ಲ. ಡೆನ್ಮಾರ್ಕಿನ ಬಡಗಿಗಳು ಈ ಪಾಠವನ್ನು ಹೊಸದಾಗಿ ಕಲಿತರು. 1950ರ ದಶಕದಲ್ಲಿ ಯೂಲ್ ವಿನ್ಯಾಸಗಳನ್ನು ಕಾರ್ಖಾನೆಯಲ್ಲಿ ತಯಾರಿಸಿದ ಫ್ರಾನ್ಸ್ ಅಂಡ್ ಡಾವರ್‌ಕೋಸೆನ್ ಕಂಪನಿ, ತೇಗಕ್ಕೆ ಸೋಲದಿರಲೆಂದು ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಗರಗಸಗಳನ್ನು ಬಳಸಿತು. ಆ ಕುರ್ಚಿಗಳು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಹಡಗಿಗೇರಿಸಲು ಆಗುವಂಥವು. ಅವುಗಳಿಂದಲೇ ಯೂಲ್ ಹೆಸರು ಮಧ್ಯಮ ವರ್ಗದ ಮನೆಗಳನ್ನು ಮುಟ್ಟಿತು. ಚೀಫ್‌ಟನ್ ಕುರ್ಚಿ ಆ ಗರಗಸಗಳಿಗೆ ಒಗ್ಗಲಿಲ್ಲ, ವೋಡರ್ ಬೆಂಚಿನ ಮೇಲೇ ಉಳಿಯಿತು. ಅಲ್ಲಿ ತಯಾರಾದದ್ದು ಒಟ್ಟು ನೂರಕ್ಕೂ ಕಡಿಮೆ, ಅದರಲ್ಲಿ ಎಷ್ಟೋ ಹೋದದ್ದು ಡೆನ್ಮಾರ್ಕಿನ ರಾಯಭಾರ ಕಚೇರಿಗಳಿಗೆ.

ಡ್ಯಾನಿಶ್ ವಿನ್ಯಾಸ ಎಂದರೆ ಜನಸಾಮಾನ್ಯರ ವಿನ್ಯಾಸ ಎಂಬ ಮಾತು ತುಂಬ ಓಡಾಡುತ್ತದೆ. ಬೋರ್ಗೆ ಮೋಯೆನ್ಸೆನ್ ಎಂಬ ವಿನ್ಯಾಸಗಾರ ಸಹಕಾರ ಸಂಘದ ಅಂಗಡಿಗಳಿಗಾಗಿ ಮಾಡಿದ ಕುರ್ಚಿಗಳಿಗೆ ಅದು ಸಲ್ಲುತ್ತದೆ. ಈ ಕುರ್ಚಿಗೆ ಸಲ್ಲುವುದಿಲ್ಲ. ಇದು ರಾಯಭಾರಿಗಳ ಕುರ್ಚಿ, ಹಾಗೆಂದು ಒಪ್ಪಿಕೊಂಡರೆ ಅದರ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ.

ಹೆಸರಿನ ವಿಷಯಕ್ಕೆ ಒಂದು ಸಲ ಮರಳಬೇಕು. 1949ರ ಮಳಿಗೆಯ ಗೋಡೆಯ ಮೇಲೆ ಯೂಲ್ ದೂರದ ನಾಡುಗಳ ಬೇಟೆಗಾರರ ಆಯುಧಗಳ, ಸಲಕರಣೆಗಳ ಚಿತ್ರಗಳನ್ನು ತೂಗುಹಾಕಿಸಿದ್ದರು. ಬಳಕೆಯಿಂದಲೇ ನುಣುಪಾದ ಹಿಡಿ, ಬಿಲ್ಲಿನ ಬಾಗು, ಇವು ಅವರ ಗುರುಗಳು. ನಾಯಕನ ಕುರ್ಚಿ ಎಂಬ ಉತ್ತರ ಅವರ ಬಾಯಲ್ಲಿ ಸಿದ್ಧವಿದ್ದದ್ದು ಇದರಿಂದಲೇ ಇರಬೇಕು. ಯುರೋಪಿನ ಕಲಾವಿದರು ಆಫ್ರಿಕಾದ, ಪೆಸಿಫಿಕ್ ದ್ವೀಪಗಳ ಜನರ ಕೈಕೆಲಸವನ್ನು ಹೀಗೆ ಮೆಚ್ಚಿಕೊಂಡು ಎತ್ತಿಕೊಂಡ ಕಾಲ ಅದು. ಮಾಡಿದವರ ಹೆಸರು ಯಾವ ಚಿತ್ರದ ಕೆಳಗೂ ಇರಲಿಲ್ಲ. ಡೆನ್ಮಾರ್ಕ್ ಕೂಡ ವಸಾಹತು ನಡೆಸಿದ ದೇಶ. ತಮಿಳು ಕರಾವಳಿಯ ತರಂಗಂಬಾಡಿ 1620ರಿಂದ 1845ರವರೆಗೆ ಅವರ ಕೈಯಲ್ಲಿತ್ತು.

ವಿಚಿತ್ರವೆಂದರೆ ಯೂಲ್ ಅವರ ಮುಂದಿನ ದೊಡ್ಡ ಕೆಲಸ ವಸಾಹತುಗಳ ಬಿಡುಗಡೆಗೇ ಸಂಬಂಧಿಸಿದ್ದು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಮೂರು ಸಭಾಂಗಣಗಳನ್ನು ಮೂರು ಸ್ಕ್ಯಾಂಡಿನೇವಿಯನ್ ದೇಶಗಳು ಸಜ್ಜುಗೊಳಿಸಿದವು. ಭದ್ರತಾ ಮಂಡಳಿಯದು ನಾರ್ವೆಗೆ, ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯದು ಸ್ವೀಡನ್ನಿಗೆ, ಟ್ರಸ್ಟೀಶಿಪ್ ಮಂಡಳಿಯದು ಡೆನ್ಮಾರ್ಕಿಗೆ. ಇನ್ನೂ ಸ್ವತಂತ್ರವಾಗದ ಕೆಲವು ನಾಡುಗಳ ಮೇಲುಸ್ತುವಾರಿ ನೋಡುವ ಮಂಡಳಿ ಅದು. ನಲವತ್ತರ ಪ್ರಾಯವೂ ಆಗಿರದ ಯೂಲ್ ಆ ಸಭಾಂಗಣದ ಗೋಡೆ, ಚಾವಣಿ, ಕುರ್ಚಿ ಎಲ್ಲವನ್ನೂ ರೂಪಿಸಿದರು. 1952ರಲ್ಲಿ ಅದು ತೆರೆಯಿತು. ಗೋಡೆಗೆ ಮರದ ಪಟ್ಟಿ, ಚಾವಣಿಯಲ್ಲಿ ಬಣ್ಣದ ಪೆಟ್ಟಿಗೆಗಳು. ಆ ಕಟ್ಟಡಗಳು ಮೇಲೇಳುತ್ತಿದ್ದಾಗ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ನಮ್ಮ ಕರಾವಳಿಯ ಬೆನೆಗಲ್ ನರಸಿಂಗ ರಾವ್. ಸಂಬಂಧ ಇಷ್ಟೇ, ಇದನ್ನು ಇನ್ನೂ ಎಳೆದರೆ ಹರಿಯುತ್ತದೆ. ಕೊನೆಯ ಟ್ರಸ್ಟ್ ನಾಡಾದ ಪಲಾವು ಸ್ವತಂತ್ರವಾದ ಮೇಲೆ 1994ರಲ್ಲಿ ಮಂಡಳಿ ಕೆಲಸ ನಿಲ್ಲಿಸಿತು. ಸಭಾಂಗಣ ಮಾತ್ರ ಬೇರೆ ಸಭೆಗಳಿಗೆ ಬಳಕೆಯಲ್ಲಿದೆ, 2013ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು.

ಅಮೆರಿಕದ ಬಾಗಿಲು ತೆರೆದವರು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಎಡ್ಗರ್ ಕಾಫ್‌ಮನ್ ಜೂನಿಯರ್. 1948ರಲ್ಲಿ ಡೆನ್ಮಾರ್ಕಿಗೆ ಬಂದು ಯೂಲ್ ಕೆಲಸ ನೋಡಿ, ಅಮೆರಿಕದ ಪತ್ರಿಕೆಯಲ್ಲಿ ಬರೆದರು. ಮಿಷಿಗನ್ನಿನ ಬೇಕರ್ ಕಂಪನಿ ಯೂಲ್ ವಿನ್ಯಾಸಗಳನ್ನು ತಯಾರಿಸತೊಡಗಿತು. ಮಿಲಾನಿನ ತ್ರಿವಾರ್ಷಿಕ ಪ್ರದರ್ಶನದಲ್ಲಿ ಪದಕಗಳು ಬಂದವು. ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ತನ್ನ ಟಿಕೆಟ್ ಕಚೇರಿಗಳನ್ನೂ ವಿಮಾನದ ಒಳಾಂಗಣವನ್ನೂ ಅವರಿಗೆ ಒಪ್ಪಿಸಿತು. ಇವೆಲ್ಲ ಯಶಸ್ಸಿನ ಪಟ್ಟಿ, ಓದಿ ಹೇಳಲು ನನಗೆ ಉತ್ಸಾಹವಿಲ್ಲ. 1959ರ ಹೊತ್ತಿಗೆ ವೋಡರ್ ಜೊತೆಗಿನ ಕೆಲಸ ನಿಂತಿತು ಎನ್ನುವುದೇ ನನಗೆ ಮುಖ್ಯ. ಆಮೇಲೆ ಯೂಲ್ ಮೂವತ್ತು ವರ್ಷ ಬದುಕಿದ್ದರು. ಆ ಮೂವತ್ತು ವರ್ಷಗಳಲ್ಲಿ ಚೀಫ್‌ಟನ್ ಪಕ್ಕದಲ್ಲಿ ನಿಲ್ಲಿಸಬಹುದಾದ ಒಂದು ಕುರ್ಚಿಯೂ ಬರಲಿಲ್ಲ.

ಇದಕ್ಕೆ ವೋಡರ್ ಇಲ್ಲದ್ದೊಂದೇ ಕಾರಣ ಎಂದರೆ ಅತಿಯಾಗುತ್ತದೆ. ಕಾಲ ಬದಲಾಗಿತ್ತು. ಪ್ಲಾಸ್ಟಿಕ್, ಉಕ್ಕು, ಫೋಮು ಬಂದಿದ್ದವು. ಕೂಲಿ ಏರಿತ್ತು, ಕೈಯಲ್ಲಿ ವಾರಗಟ್ಟಲೆ ಹೆರೆದ ಕುರ್ಚಿಯನ್ನು ಕೊಳ್ಳುವವರು ಕಡಿಮೆಯಾಗಿದ್ದರು. ಬಡಗಿಗಳ ಸಂಘದ ವಾರ್ಷಿಕ ಪ್ರದರ್ಶನ 1966ರಲ್ಲಿ ಕೊನೆಗೊಂಡಿತು, ನಲವತ್ತು ಪ್ರದರ್ಶನಗಳ ನಂತರ. ಯೂಲ್ ಹೆಸರು ಸ್ವದೇಶದಲ್ಲೇ ಮಸುಕಾಯಿತು. 1989ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಅವರ ಕುರ್ಚಿಗಳಲ್ಲಿ ಹೆಚ್ಚಿನವನ್ನು ಯಾರೂ ತಯಾರಿಸುತ್ತಿರಲಿಲ್ಲ.

ಮರುಹುಟ್ಟು ಕೊಟ್ಟದ್ದು ಹರಾಜಿನ ಮನೆಗಳು, ಜಪಾನಿನ ಅಭಿಮಾನಿಗಳು ಮತ್ತು ಯೂಲ್ ಅವರ ಸಂಗಾತಿ ಹಾನ್ನೆ ವಿಲ್ಹೆಲ್ಮ್ ಹಾನ್ಸೆನ್. 2001ರಲ್ಲಿ ಅವರು ಒಂದು ಚಿಕ್ಕ ಡ್ಯಾನಿಶ್ ಕಂಪನಿಗೆ ತಯಾರಿಕೆಯ ಹಕ್ಕು ಕೊಟ್ಟರು. ಅದೇ ಇಂದಿನ ಹೌಸ್ ಆಫ್ ಫಿನ್ ಯೂಲ್. ಬಡಗಿಗಳ ಊರೆಂದೇ ಹೆಸರಾದ ಜಪಾನಿನ ತಕಯಾಮಾದಲ್ಲಿ 2012ರಲ್ಲಿ ಯೂಲ್ ಮನೆಯ ಪಡಿಯಚ್ಚನ್ನೇ ಕಟ್ಟಿದ್ದಾರೆ. ವೋಡರ್ ಕಾರ್ಯಾಗಾರದ ಹಳೆಯ ಚೀಫ್‌ಟನ್ ಒಂದು 2013ರಲ್ಲಿ ಲಂಡನ್ನಿನ ಹರಾಜಿನಲ್ಲಿ ನಾಲ್ಕು ಲಕ್ಷ ಪೌಂಡು ದಾಟಿತು. ಹೊಸದಾಗಿ ತಯಾರಾಗುವ ಚೀಫ್‌ಟನ್ ಕೂಡ ಅಗ್ಗವಲ್ಲ. ಇಂಥ ಬಾಗುಗಳನ್ನು ಈಗ ಕಂಪ್ಯೂಟರ್ ನಡೆಸುವ ಯಂತ್ರ ಕಡೆಯಬಲ್ಲದು. ಹಾಗಿದ್ದ ಮೇಲೆ ಬಡಗಿ ಯಾಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಯಂತ್ರಕ್ಕೆ ಕಲಿಸಲು ಮೊದಲು ಒಂದು ನಿಂತ ಕುರ್ಚಿ ಬೇಕಲ್ಲ, ಅದನ್ನು ನಿಲ್ಲಿಸಿದ್ದು ಯಾರು ಎಂದು ನಾನು ತಿರುಗಿ ಕೇಳುತ್ತೇನೆ.

ವೋಡರ್ ಜಾಣತನದ ಮಾತು ಬಾಕಿ ಇದೆ. ಅವರ ಕಾರ್ಯಾಗಾರದಿಂದ ಹೊರಟ ಯೂಲ್ ಕುರ್ಚಿಗಳ ಮರದ ಚೌಕಟ್ಟಿನಲ್ಲಿ, ಕೂತವರಿಗೆ ಕಾಣದ ಕಡೆ, ಕಾಯಿಸಿದ ಕಬ್ಬಿಣದಿಂದ ಒತ್ತಿದ ಮುದ್ರೆ ಇರುತ್ತದೆ. ನೀಲ್ಸ್ ವೋಡರ್, ಬಡಗಿ, ಕೋಪನ್‌ಹೇಗನ್, ಡೆನ್ಮಾರ್ಕ್ ಎಂದು ಮೊದಲು. ಅದರ ಕೆಳಗೆ, ವಿನ್ಯಾಸ ಫಿನ್ ಯೂಲ್ ಎಂದು. ಹರಾಜಿನ ಕ್ಯಾಟಲಾಗುಗಳು ಈ ಕ್ರಮವನ್ನು ತಿರುಗಿಸಿ, ಯೂಲ್ ಹೆಸರನ್ನು ಮೇಲೆ, ವೋಡರ್ ಹೆಸರನ್ನು ಕೆಳಗೆ ಅಚ್ಚು ಹಾಕುತ್ತವೆ. ಆದರೆ ಕೊಳ್ಳುವವರು ಕುರ್ಚಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಅದನ್ನು ಮಗುಚಿ ಹುಡುಕುವುದು ಆ ಮುದ್ರೆಯನ್ನೇ.

ದೀಪ ಆರಿಸಿದರೆ ಚಿತ್ರಗಳನ್ನು ತೋರಿಸಬಹುದು. ಒಟ್ಟು ಕುರ್ಚಿಯ ಚಿತ್ರ ನೀವು ಪುಸ್ತಕಗಳಲ್ಲಿ ನೋಡೇ ನೋಡುತ್ತೀರಿ. ನಾನು ತಂದಿರುವುದರಲ್ಲಿ ಹೆಚ್ಚಿನವು ಕೂಡುಗಳದ್ದು. ಹಿಂಗಾಲಿಗೆ ಅಡ್ಡಪಟ್ಟಿ ಸೇರುವ ಜಾಗದಿಂದ ಶುರುಮಾಡೋಣ.